ಕ್ಯಾಜುವಲ್ಟಿ ಡ್ಯೂಟಿ ಬಿತ್ತಾ? ನಿಮ್ಮ ಕಿಸೆ ಹೀಗಿರಲಿ: ವಿಜಯಪುರದ ಹೊಸ ನರ್ಸ್‌ಗಳಿಗೆ 14 ಸೂತ್ರಗಳು

ಕೋರ್ಸ್ ಮುಗಿಯಿತು, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಆಯಿತು, ಕೆಲಸವೂ ಸಿಕ್ಕಿತು. ಡ್ಯೂಟಿ ಲಿಸ್ಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ‘ಕ್ಯಾಜುವಲ್ಟಿ’ ಎಂದಿದೆ. ಖುಷಿಪಡಿ. ವಾರ್ಡಿನಲ್ಲಿ ವರ್ಷಗಟ್ಟಲೆ ಕಾದರೂ ಕೈಗೆ ಬಾರದ ಕೆಲಸ ಇಲ್ಲಿ ಕೆಲವೇ ತಿಂಗಳಲ್ಲಿ ಕೈವಶವಾಗುತ್ತದೆ. ಆದರೆ ಖಾಲಿ ಕೈ ಬೀಸಿಕೊಂಡು ಹೋಗಬೇಡಿ. ‘ಸಿಸ್ಟರ್, ಕತ್ತರಿ!’ ಎಂದಾಗ ಕತ್ತರಿ ಹುಡುಕಲು ಓಡುವ ನರ್ಸ್ ಬೇರೆ, ಕಿಸೆಯಿಂದ ತೆಗೆದು ಕೊಡುವ ನರ್ಸ್ ಬೇರೆ. ಎರಡನೆಯವರಾಗಿ.

1. ಮೊದಲು ಊರಿನ ಕೇಸ್ ಓದಿ, ಆಮೇಲೆ ಕಿಸೆ ತುಂಬಿ

ಯೂಟ್ಯೂಬ್ ತೆರೆದರೆ ಅಮೆರಿಕದ ನರ್ಸ್‌ಗಳು ತಮ್ಮ ಬ್ಯಾಗ್ ಬಿಚ್ಚಿ ತೋರಿಸುವ ವಿಡಿಯೊಗಳು ಸಾಲುಸಾಲಾಗಿ ಸಿಗುತ್ತವೆ. ನೋಡಿ, ಆದರೆ ಕಾಪಿ ಹೊಡೆಯಬೇಡಿ. ಅವರ ಎಮರ್ಜೆನ್ಸಿಗೆ ದ್ರಾಕ್ಷಿ ಪಡದಿಂದ ಔಷಧಿ ಡಬ್ಬಿ ಸಮೇತ ಬರುವವರು ಅಪರೂಪ. ನಮ್ಮಲ್ಲಿ ಬರುತ್ತಾರೆ. ಜಿಲ್ಲಾ ಆಸ್ಪತ್ರೆ ಇರಲಿ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ಆಸ್ಪತ್ರೆ ಇರಲಿ, ಅಲ್‌-ಅಮೀನ್ ಇರಲಿ, ಸುತ್ತಲಿನ ಹಳ್ಳಿಗಳ ಕೇಸ್‌ಗಳು ಬಂದು ಸೇರುವುದು ಈ ಬಾಗಿಲುಗಳಿಗೇ. ಕ್ರಿಮಿನಾಶಕ, ಹಾವು, ಚೇಳು, ಬೈಕ್ ಅಪಘಾತ, ಎದೆನೋವು, ಬೇಸಿಗೆಯಲ್ಲಿ ಬಿಸಿಲಿನ ಹೊಡೆತ. ಏಪ್ರಿಲ್‌, ಮೇ ತಿಂಗಳಲ್ಲಿ ನಮ್ಮ ತಾಪಮಾನ 40 ಡಿಗ್ರಿ ದಾಟುವುದು ಹೊಸದೇನಲ್ಲ.

ಸೋಲಾಪುರ, ಹುಬ್ಬಳ್ಳಿ, ಕಲಬುರ್ಗಿ, ಹೊಸಪೇಟೆ, ನಾಲ್ಕೂ ಕಡೆಯ ಹೆದ್ದಾರಿಗಳು ನಗರವನ್ನು ಮುಟ್ಟುತ್ತವೆ. ತಿಕೋಟಾ ಅಥಣಿ ರಸ್ತೆಯಲ್ಲಿದೆ, ಬಬಲೇಶ್ವರ ಜಮಖಂಡಿ ರಸ್ತೆಯಲ್ಲಿ. ಎರಡೂ ನಗರದಿಂದ 20-25 ಕಿ.ಮೀ. ಆಸುಪಾಸು. ಈ ದೂರವನ್ನು ತಲೆಯಲ್ಲಿಟ್ಟುಕೊಳ್ಳಿ. ನೀವು ತಿಕೋಟಾದ ಸರ್ಕಾರಿ ಆಸ್ಪತ್ರೆಯಲ್ಲಿದ್ದರೆ ಪೇಷಂಟ್‌ನನ್ನು ಈ ದಾರಿ ತಡೆದುಕೊಳ್ಳುವಂತೆ ಮಾಡಿ ಕಳಿಸುವುದು ನಿಮ್ಮ ಕೆಲಸ. ನಗರದಲ್ಲಿದ್ದರೆ ಆ ದಾರಿಯಲ್ಲಿ ಏನೇನಾಯಿತು ಎಂದು ಕೇಳಿ ಬರೆದುಕೊಳ್ಳುವುದು ನಿಮ್ಮ ಕೆಲಸ. ಕಿಸೆಯ ಪಟ್ಟಿ ಹುಟ್ಟುವುದು ಇಲ್ಲಿಂದ.

2. ಸೆಕೆಂಡ್ ಮುಳ್ಳಿನ ವಾಚ್ ಎದೆಗೆ ಸಿಕ್ಕಿಸಿ

ಮುಂಗೈಗೆ ಬೇಡ. ಮೊಣಕೈ ಕೆಳಗೆ ವಾಚ್, ಬಳೆ, ಉಂಗುರ ಇದ್ದರೆ ಕೈ ಸರಿಯಾಗಿ ತೊಳೆಯಲು ಆಗುವುದಿಲ್ಲ, ಇನ್ಫೆಕ್ಷನ್ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಯೂನಿಫಾರ್ಮಿಗೆ ಪಿನ್ ಮಾಡುವ ವಾಚ್ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಟೈಮ್ ಇದೆಯಲ್ಲ ಎನ್ನಬೇಡಿ. ರಕ್ತ ಹತ್ತಿದ ಗ್ಲೌಸ್‌ನಲ್ಲಿ ಮೊಬೈಲ್ ಮುಟ್ಟುತ್ತೀರಾ?

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುವ ಚಾಳಿ ಬಿಡಿ, ಕೆಡುತ್ತಿರುವ ಪೇಷಂಟ್ ಮೊದಲು ಸಿಕ್ಕಿಬೀಳುವುದು ಉಸಿರಿನ ಲೆಕ್ಕದಲ್ಲೇ. ಸಿಪಿಆರ್ ನಡೆಯುವಾಗ ನಿಮಿಷಕ್ಕೆ 100ರಿಂದ 120 ಒತ್ತು ಬೀಳುತ್ತಿವೆಯೇ ನೋಡಿ, 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ, 3ರಿಂದ 5 ನಿಮಿಷಕ್ಕೊಮ್ಮೆ ಅಡ್ರಿನಲಿನ್ ನೆನಪಿಸಿ. ಎದೆನೋವು ಎಂದು ಬಂದವರಿಗೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಗಿದ್ದೇ ದೊಡ್ಡ ಊರಿಗೆ ಹೋಗುವ ಮುಂಚೆಯೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲಿ ಎಂದು. ಗಡಿಯಾರ ನೋಡದ ನರ್ಸ್ ಇದ್ದರೆ ಯಾವ ಯೋಜನೆಯೂ ಓಡುವುದಿಲ್ಲ.

3. ಪರ್ಮನೆಂಟ್ ಮಾರ್ಕರ್ ಒಂದು ಇರಲೇಬೇಕು

ಹಾವಿನ ಕೇಸ್‌ಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಕೆಲಸಕ್ಕೆ ಬರುವ ವಸ್ತು ಇಲ್ಲ. ರಾತ್ರಿ 10ಕ್ಕೆ ಬಬಲೇಶ್ವರದ ಕಡೆಯಿಂದ ಒಬ್ಬ ರೈತನನ್ನು ಕರೆತರುತ್ತಾರೆ ಎಂದುಕೊಳ್ಳಿ. ಹೊಲಕ್ಕೆ ನೀರು ಬಿಡಲು ಹೋದಾಗ ಪಾದಕ್ಕೆ ಕಚ್ಚಿದೆ, ಹಿಮ್ಮಡಿ ಊದಿದೆ, ಮೊಣಕಾಲ ಕೆಳಗೆ ಟವೆಲ್ ಬಿಗಿದು ಕಟ್ಟಿದ್ದಾರೆ. ಈಗ ನಿಮ್ಮ ಕೈ ಹೀಗೆ ಓಡಲಿ.

ಊತ ಎಲ್ಲಿಗೆ ನಿಂತಿದೆಯೋ ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಪಕ್ಕದಲ್ಲೇ ಟೈಮ್ ಬರೆಯಿರಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಊತ ಏರಿದೆಯೋ ನಿಂತಿದೆಯೋ ಎಂದು ಯಾರು ಬೇಕಾದರೂ ಹೇಳಬಹುದು, ವಾದಕ್ಕೆ ಜಾಗ ಇರುವುದಿಲ್ಲ. ಕಟ್ಟಿದ ಟವೆಲ್‌ಗೆ ಕೈ ಹಾಕುವ ಆತುರ ಬೇಡ. ಒಮ್ಮೆಲೇ ಬಿಚ್ಚಿದರೆ ತಡೆದು ನಿಂತ ವಿಷ ಒಟ್ಟಿಗೆ ನುಗ್ಗಬಹುದು. ಐವಿ ಲೈನ್ ಹಾಕಿ, ಪ್ರತಿವಿಷ (ಎಎಸ್‌ವಿ) ತಂದಿಟ್ಟು, ಡಾಕ್ಟರ್ ಎದುರಿಗಿದ್ದಾಗಲೇ ಬಿಚ್ಚಬೇಕು. ಬಾಲಕ್ಕೆ ಹಗ್ಗ ಕಟ್ಟಿ ಸತ್ತ ಹಾವನ್ನೂ ತಂದಿದ್ದರೆ ಮುಟ್ಟಬೇಡಿ, ಯಾರಿಗೂ ಮುಟ್ಟಲು ಬಿಡಬೇಡಿ.

ಆಮೇಲೆ 20 ನಿಮಿಷದ ಟೆಸ್ಟ್. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬ್‌ಗೆ 2 ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ ನಿಲ್ಲಿಸಿ. ಟ್ಯೂಬಿನ ಮೇಲೆ ಮಾರ್ಕರ್‌ನಿಂದ ಹೆಸರು ಮತ್ತು ಟೈಮ್. 20 ನಿಮಿಷಕ್ಕೆ ಬಾಗಿಸಿ ನೋಡಿದಾಗ ರಕ್ತ ನೀರಿನಂತೆ ಹರಿದರೆ ಹೆಪ್ಪುಗಟ್ಟುವ ಶಕ್ತಿ ಹೋಗಿದೆ ಎಂದರ್ಥ. ಕೊಳಕುಮಂಡಲ ಅಥವಾ ಗರಗಸ ಮಂಡಲದ ವಿಷ ಒಳಗೆ ಕೆಲಸ ಮಾಡುತ್ತಿದೆ. ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ಈ ಟೆಸ್ಟ್ ಮಾಡಬೇಡಿ, ಸೋಪು ಉಳಿದ ಟ್ಯೂಬ್‌ನಲ್ಲೂ ಬೇಡ. ಎರಡೂ ಸುಳ್ಳು ಹೇಳುತ್ತವೆ. ಡ್ಯೂಟಿ ಶುರುವಿಗೇ ಒಂದು ಒಳ್ಳೆಯ ಗಾಜಿನ ಟ್ಯೂಬ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ರಾತ್ರಿ ಹೊತ್ತು ಅದು ಸಿಗುವುದಿಲ್ಲ, ಬರೆದಿಟ್ಟುಕೊಳ್ಳಿ.

ಪ್ರತಿವಿಷ ಶುರುವಾದ ಮೇಲೆ ಮಂಚದ ಪಕ್ಕ ಬಿಟ್ಟು ಕದಲಬೇಡಿ. ಮೊದಲ ಡೋಸ್ ಸಾಮಾನ್ಯವಾಗಿ 10 ವಯಲ್. ಮೈ ತುರಿಕೆ, ದದ್ದು, ಚಳಿ, ಉಸಿರಾಟದ ತೊಂದರೆ ಕಂಡರೆ ತಕ್ಷಣ ನಿಲ್ಲಿಸಿ ಕೂಗಿ. ಅಡ್ರಿನಲಿನ್ ಆ ಹೊತ್ತಿಗೆ ಸಿರಿಂಜಿನಲ್ಲಿ ತಯಾರಿರಬೇಕು. ಇನ್ನೊಂದು: 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು. ರಿಜಿಸ್ಟರಿನಲ್ಲಿ ನೀವು ಬರೆಯುವ ಒಂದು ಸಾಲು ಅಲ್ಲಿಯವರೆಗೆ ಹೋಗುತ್ತದೆ, ಗೀಚಬೇಡಿ.

4. ಪೆನ್ ಟಾರ್ಚ್ ಇಲ್ಲದೆ ಡ್ಯೂಟಿಗೆ ಬರಬೇಡಿ

ಬೆಳಕು ಹಳದಿ ಇರಲಿ, ಕಣ್ಣು ಕುಕ್ಕುವ ಎಲ್‌ಇಡಿ ಬೇಡ. ತಲೆಗೆ ಪೆಟ್ಟಾದವರ ಎರಡೂ ಪಾಪೆ ಒಂದೇ ಸೈಜ್ ಇವೆಯೇ ನೋಡಿ. ಒಂದು ದೊಡ್ಡದು ಒಂದು ಚಿಕ್ಕದು ಕಂಡರೆ ಓಡಿ ಹೋಗಿ ಡಾಕ್ಟರ್‌ಗೆ ಹೇಳಿ. ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು ಇದ್ದರೆ ಕ್ರಿಮಿನಾಶಕದ ಅನುಮಾನ ಪಡಿ.

ಟಾರ್ಚ್ ಹಿಡಿಯಲೇಬೇಕಾದ ಇನ್ನೊಂದು ಕೇಸ್ ಇದೆ, ಹೊಸಬರು ತಪ್ಪುವುದು ಇಲ್ಲೇ. ನಸುಕಿನಲ್ಲಿ ಹುಡುಗನೊಬ್ಬನನ್ನು ತರುತ್ತಾರೆ. ‘ಹೊಟ್ಟಿ ನೋಯಾಕತ್ತೈತ್ರೀ, ವಾಂತಿ ಆತು’ ಅಂತಾರೆ. ರಾತ್ರಿ ನೆಲದ ಮೇಲೆ ಮಲಗಿದ್ದ. ಗಾಯ ಎಲ್ಲೂ ಇಲ್ಲ. ಗ್ಯಾಸ್ಟ್ರಿಕ್ ಎಂದು ಪಕ್ಕಕ್ಕೆ ಕೂರಿಸಬೇಡಿ. ಮೇಲೆ ನೋಡು ಎನ್ನಿ. ರೆಪ್ಪೆ ಜೋತು ಬೀಳುತ್ತಿದೆಯೇ? ನುಂಗಲು, ಮಾತಾಡಲು ಕಷ್ಟವಾಗುತ್ತಿದೆಯೇ? ಕಟ್ಟುಹಾವು ಕಚ್ಚಿದ ಗುರುತೇ ಕಾಣದಿರಬಹುದು, ಆದರೆ ಕೆಲವೇ ಗಂಟೆಯಲ್ಲಿ ಉಸಿರು ನಿಲ್ಲಿಸಬಹುದು.

5. ಟ್ರಾಮಾ ಕತ್ತರಿ: ತುದಿ ಮೊಂಡು, ಬಾಯಿ ಹರಿತ

ಮನೆಯ ಕತ್ತರಿ ತರಬೇಡಿ. ಒಂದು ತುದಿ ಚಪ್ಪಟೆಯಾಗಿ ಬಾಗಿದ ಟ್ರಾಮಾ ಕತ್ತರಿ ಕೊಳ್ಳಿ. ಚರ್ಮಕ್ಕೆ ಚುಚ್ಚದೆ ಜೀನ್ಸ್, ಬೆಲ್ಟ್, ಶೂ ಲೇಸ್ ಎಲ್ಲವನ್ನೂ ಕತ್ತರಿಸುತ್ತದೆ. ಬೈಕಿನಿಂದ ಬಿದ್ದವರ ಬಟ್ಟೆ ಕಳಚಲು ಹೋಗಬೇಡಿ, ಕತ್ತರಿಸಿ. ಕಳಚುವಾಗ ಕುತ್ತಿಗೆ, ಬೆನ್ನು ತಿರುಗುತ್ತದೆ, ಒಳಗೆ ಮುರಿದಿದ್ದರೆ ಅಲ್ಲಿಗೆ ಮುಗಿಯಿತು. ಕತ್ತರಿಸುವ ಮೊದಲು ‘ಕಾಕಾ, ಅಂಗಿ ಕತ್ತರಸ್ತೀನ್ರೀ, ಗಾಯ ನೋಡಬೇಕು’ ಎಂದು ಒಂದು ಮಾತು ಹೇಳಿ. ಕತ್ತರಿಸಿದ ಮೇಲೆ ಚಾದರ ಹೊದಿಸಿ.

ಚಾಕು ಇರಿತ, ಹೊಡೆದಾಟದ ಕೇಸ್ ಆದರೆ ಬಟ್ಟೆಯಲ್ಲಿರುವ ತೂತಿನ ಮೂಲಕ ಕತ್ತರಿ ಓಡಿಸಬೇಡಿ. ಆ ತೂತೇ ಸಾಕ್ಷಿ. ಪಕ್ಕದಿಂದ ಕತ್ತರಿಸಿ, ಬಟ್ಟೆಯನ್ನು ಕಾಗದದ ಚೀಲಕ್ಕೆ ಹಾಕಿ, ಪೊಲೀಸರಿಗೆ ಕೊಡುವಾಗ ಸಹಿ ಪಡೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿ ರಕ್ತದ ಬಟ್ಟೆ ಬೂಷ್ಟು ಹಿಡಿಯುತ್ತದೆ. ಶಿಫ್ಟ್ ಮುಗಿದ ಮೇಲೆ ಕತ್ತರಿಯನ್ನು ಸೋಪು ನೀರಿನಲ್ಲಿ ತೊಳೆದು ಸ್ಪಿರಿಟ್‌ನಿಂದ ಒರೆಸಿ. ನಿಮ್ಮ ಹೆಸರಿನ ಟೇಪ್ ಸುತ್ತಿ. ಕ್ಯಾಜುವಲ್ಟಿಯಲ್ಲಿ ಕತ್ತರಿಗೆ ಕಾಲು ಬರುತ್ತವೆ!

6. ನೈಟ್ರೈಲ್ ಗ್ಲೌಸ್ 2 ಜೊತೆ, ಗಾಜ್ ಪೀಸ್ ನಾಲ್ಕಾರು

ಇದು ದ್ರಾಕ್ಷಿ ಸೀಮೆ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಪಡ ಇಲ್ಲದ ಊರು ಹುಡುಕಬೇಕು. ಪಡ ಇದ್ದಲ್ಲಿ ಸ್ಪ್ರೇ ಇದೆ, ಸ್ಪ್ರೇ ಇದ್ದಲ್ಲಿ ವಿಷಬಾಧೆ ಇದೆ. ಗಾಳಿಗೆ ಎದುರಾಗಿ ಹೊಡೆದು ಮೈಗೆ ಹತ್ತಿಸಿಕೊಂಡವರು ಬರುತ್ತಾರೆ, ಸಾಲಕ್ಕೋ ಸಿಟ್ಟಿಗೋ ಕುಡಿದವರೂ ಬರುತ್ತಾರೆ. ಇಬ್ಬರಿಗೂ ಅದೇ ಗೌರವ, ಅದೇ ವೇಗ.

ಮೊದಲು ನಿಮ್ಮನ್ನು ನೋಡಿಕೊಳ್ಳಿ. ಪೇಷಂಟ್‌ನ ಬಟ್ಟೆಯಲ್ಲಿ, ವಾಂತಿಯಲ್ಲಿ ಔಷಧಿ ಇರುತ್ತದೆ, ನಿಮ್ಮ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕೆಮಿಕಲ್‌ಗೆ ಲ್ಯಾಟೆಕ್ಸ್‌ಗಿಂತ ನೈಟ್ರೈಲ್ ಗ್ಲೌಸ್ ಮೇಲು. ಏಪ್ರನ್ ಹಾಕಿ, ಬಟ್ಟೆ ತೆಗೆದು ಚೀಲದಲ್ಲಿ ಕಟ್ಟಿಡಿ, ಕೂದಲು ಸಮೇತ ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಕಿಟಕಿ ತೆರೆಯಿರಿ.

ಇನ್ನು ಗಾಜ್ ಪೀಸ್ ಯಾಕೆ? ಅಟ್ರೋಪಿನ್ ಕೊಟ್ಟು ನೋಡಿ, ಗೊತ್ತಾಗುತ್ತದೆ. ನಮ್ಮಲ್ಲಿ ಸಿಗುವ ಆಂಪೂಲ್‌ನಲ್ಲಿ ಸಾಮಾನ್ಯವಾಗಿ ಇರುವುದು 0.6 ಮಿ.ಗ್ರಾಂ. ಆರ್ಗನೋಫಾಸ್ಫರಸ್ ಕ್ರಿಮಿನಾಶಕದ ಕೇಸ್‌ಗೆ ಶುರುವಿನ ಡೋಸ್‌ಗೇ 3ರಿಂದ 5 ಆಂಪೂಲ್ ಬೇಕು, ಸುಧಾರಿಸದಿದ್ದರೆ 5 ನಿಮಿಷಕ್ಕೊಮ್ಮೆ ಡಬಲ್. ಲೆಕ್ಕ ಹಾಕಿ: 5, 10, 20. ಬರಿ ಬೆರಳಲ್ಲಿ ಅಷ್ಟು ಗಾಜು ಮುರಿದರೆ ಬೆರಳು ಕೊಯ್ದೇ ಕೊಯ್ಯುತ್ತದೆ. ಗಾಜ್ ಸುತ್ತಿ ಮುರಿಯಿರಿ. ಒಬ್ಬರು ಮುರಿಯಿರಿ, ಒಬ್ಬರು ಎಳೆಯಿರಿ, ಒಬ್ಬರು ಬರೆಯಿರಿ. ಖಾಲಿ ಆಂಪೂಲ್‌ಗಳನ್ನು ಒಂದು ಟ್ರೇನಲ್ಲಿ ಸಾಲಾಗಿ ಇಡಿ. ಎಷ್ಟು ಹೋಯಿತು ಎಂದು ಡಾಕ್ಟರ್ ಕೇಳಿದಾಗ ಎಣಿಸಿ ಹೇಳಬಹುದು, ನೆನಪಿನ ಮೇಲೆ ಭಾರ ಬೇಡ.

ಎಲ್ಲಿಯವರೆಗೆ ಕೊಡುವುದು? ಎದೆಯ ಗೊರಗೊರ ನಿಲ್ಲುವವರೆಗೆ. ಕಂಕುಳು ಒಣಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು, ಪಾಪೆ ಸೂಜಿಮೊನೆಯಿಂದ ಅಗಲವಾಗಬೇಕು. ಇವನ್ನು ಚಾರ್ಟ್‌ನಲ್ಲಿ 5 ನಿಮಿಷಕ್ಕೊಮ್ಮೆ ತುಂಬುವವರು ನೀವೇ. ಪೇಷಂಟ್ ಮೈಮೇಲೆ ಜ್ವರ ಏರಿ, ಏನೇನೋ ಬಡಬಡಿಸಿ, ಹಾಸಿಗೆ ಕೀಳತೊಡಗಿದರೆ ಅಟ್ರೋಪಿನ್ ಹೆಚ್ಚಾಗಿದೆ, ಆಗಲೂ ಮೊದಲು ಹೇಳಬೇಕಾದವರು ನೀವೇ.

ಇನ್ನೊಂದು ಕೇಸ್ ನಮ್ಮ ಸೀಮೆಯದೇ. ಚಾಟ್ನಿ (ಬಳ್ಳಿ ಸವರುವುದು) ಮಾಡಿದ ಮೇಲೆ ದ್ರಾಕ್ಷಿ ಕಣ್ಣು ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಅದನ್ನು ಹಚ್ಚಿದ ಕೂಲಿಯವ ಸಂಜೆ ಎರಡು ಪೆಗ್ ಹಾಕಿದರೆ ಮುಖ ಕೆಂಪೇರಿ, ಎದೆ ಡವಡವ ಹೊಡೆದು, ವಾಂತಿಯಾಗಿ, ಬಿಪಿ ಇಳಿದು ಬರಬಹುದು. ಬಾಯಿ ವಾಸನೆ ನೋಡಿ ‘ಕುಡಿದು ಬಂದಾನ’ ಎಂದು ಮೂಲೆಗೆ ತಳ್ಳಬೇಡಿ. ‘ಇವತ್ತ ಪಡದಾಗ ಏನ್ ಹಚ್ಚೀರಿ? ಡಬ್ಬಿ ಐತೇನು?’ ಎಂದು ಕೇಳಿ. ಡಬ್ಬಿ ತಂದಿಲ್ಲದಿದ್ದರೆ ಲೇಬಲ್‌ನ ಫೋಟೊ ವಾಟ್ಸಾಪ್‌ಗೆ ತರಿಸಲು ಮನೆಯವರಿಗೆ ಹೇಳಿ. ಆ ಒಂದು ಫೋಟೊ ಅರ್ಧ ಡಯಾಗ್ನೋಸಿಸ್.

7. ಸ್ಟೆತ್ ನಿಮ್ಮದೇ ಇರಲಿ, ಕುತ್ತಿಗೆಗೆ ಹಾರ ಮಾಡಬೇಡಿ

ಸಾಲದ ಸ್ಟೆತ್‌ನಲ್ಲಿ ಕಿವಿ ಪಳಗುವುದಿಲ್ಲ. ಬಿಪಿ ಮೆಷಿನ್ ಸುಳ್ಳು ಹೇಳಿದಾಗ ಕೈಯಿಂದ ನೋಡಬೇಕು. ಆದರೆ ಅಮಲಿನಲ್ಲಿದ್ದವರು, ಗೊಂದಲದಲ್ಲಿದ್ದವರು ಮೊದಲು ಹಿಡಿದೆಳೆಯುವುದು ಕುತ್ತಿಗೆಯಲ್ಲಿ ತೂಗುವುದನ್ನೇ. ಸ್ಟೆತ್ ಕಿಸೆಗೆ, ಐಡಿ ಕಾರ್ಡ್ ಎಳೆದರೆ ಬಿಚ್ಚಿಕೊಳ್ಳುವ ದಾರಕ್ಕೆ ಅಥವಾ ಕ್ಲಿಪ್‌ಗೆ, ತಾಳಿ ಸರ ಒಳಗೆ ಪಿನ್‌ಗೆ.

8. ಅಂಗೈ ಅಗಲದ ನೋಟ್‌ಬುಕ್: ನಿಮ್ಮ ಎರಡನೇ ಮೆದುಳು

ಆಪ್ ಇದೆ, ಗೂಗಲ್ ಇದೆ, ಸರಿ. ನೆಟ್‌ವರ್ಕ್ ಹೋದಾಗ? ಇವನ್ನು ಸ್ವಂತ ಅಕ್ಷರದಲ್ಲಿ ಬರೆದುಕೊಳ್ಳಿ. ಬರೆದದ್ದು ಉಳಿಯುತ್ತದೆ.

ಕ್ಯಾನುಲಾ ಬಣ್ಣಗಳು: 16 ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಅಪಘಾತದ ಕೇಸ್‌ಗೆ ಹಸಿರು ಅಥವಾ ಬೂದು, ಎರಡೂ ಕೈಗೆ ಒಂದೊಂದು. ನರ ಸಿಗುತ್ತಿಲ್ಲವೆಂದು ದೊಡ್ಡವರಿಗೆ ಹಳದಿ ಹಾಕಿ ಸಮಾಧಾನಪಡಬೇಡಿ, ಅದರಲ್ಲಿ ರಕ್ತ ಓಡಿಸಲು ಬೆಳಗಾಗುತ್ತದೆ.

ಡ್ರಿಪ್ ಲೆಕ್ಕ: ಎಂಎಲ್ ಅನ್ನು ಸೆಟ್‌ನ ಹನಿ ಸಂಖ್ಯೆಯಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ 20 ಹನಿಯದು: 500 × 20 ÷ 240. ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಸೆಟ್ ಆದರೆ 60 ಹನಿ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ.

ಮಕ್ಕಳ ಪ್ಯಾರಾಸಿಟಮಾಲ್ ಕಿಲೋಗೆ 15 ಮಿ.ಗ್ರಾಂ. 12 ಕಿಲೋ ಮಗುವಿಗೆ 180. ಮಗು ಬಂದ ಕೂಡಲೇ ತೂಕ ಹಾಕಿ, ‘ಎಷ್ಟ್ ಐತವ್ವಾ ತೂಕ?’ ಎಂದು ಅಮ್ಮನನ್ನು ಕೇಳಿ ಬಿಡಬೇಡಿ. ಎಚ್ಚರದ ಮಟ್ಟ ಅಳೆಯುವ ಜಿಸಿಎಸ್ ಕೋಷ್ಟಕ, 15ರಿಂದ 3ರವರೆಗೆ, ಒಂದು ಪುಟ. ನಾಯಿ ಕಡಿತಕ್ಕೆ ಅರ್ಧ ಪುಟ: 15 ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆಯುವುದು, ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ.

ಚೇಳಿಗೂ ಅರ್ಧ ಪುಟ ಕೊಡಿ. ಕೆಂಪು ಚೇಳು ಕುಟುಕಿದಾಗ ಮೈ ಬೆವತು, ಕೈಕಾಲು ತಣ್ಣಗಾಗಿ, ಮಕ್ಕಳಲ್ಲಿ ಹೃದಯವೇ ಸೋಲಬಹುದು. ಪ್ರಾಜೋಸಿನ್ ಎಂಬ ಬಿಪಿ ಮಾತ್ರೆ ಇದಕ್ಕೆ ಮದ್ದಾಗುತ್ತದೆ ಎಂದು ತೋರಿಸಿಕೊಟ್ಟವರು ಯಾವುದೋ ದೊಡ್ಡ ನಗರದ ಪ್ರೊಫೆಸರ್ ಅಲ್ಲ, ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್. ಸಣ್ಣ ಆಸ್ಪತ್ರೆಯಲ್ಲಿ ಪ್ರತಿ ಕೇಸನ್ನೂ ಬರೆದಿಟ್ಟುಕೊಂಡೇ ಅವರು ಅದನ್ನು ಕಂಡುಕೊಂಡರು, 2022ರಲ್ಲಿ ಪದ್ಮಶ್ರೀ ಬಂತು. ತಿಕೋಟಾದಲ್ಲಿ ಪೋಸ್ಟಿಂಗ್ ಸಿಕ್ಕಿದೆ ಎಂದು ಮುಖ ಸಣ್ಣ ಮಾಡಿಕೊಂಡವರು ಇದನ್ನು ಇನ್ನೊಮ್ಮೆ ಓದಿ.

ಪೇಷಂಟ್ ಹೆಸರು, ಫೋನ್ ನಂಬರ್ ಮಾತ್ರ ಈ ನೋಟ್‌ಬುಕ್‌ನಲ್ಲಿ ಬೇಡ. ಅದು ಮನೆಗೆ ಹೋಗುವ ಪುಸ್ತಕ.

9. ಪೆನ್ನು ನಾಲ್ಕು ಒಯ್ಯಿರಿ, ಎರಡು ವಾಪಸ್ ಬರುತ್ತವೆ

ನೀಲಿ ಅಥವಾ ಕಪ್ಪು ಬಾಲ್‌ಪೆನ್. ಜೆಲ್ ಪೆನ್ ನೀರು ಬಿದ್ದರೆ ಹರಡುತ್ತದೆ. ಅಪಘಾತ, ವಿಷ, ಹೊಡೆದಾಟ, ಸುಟ್ಟಗಾಯ, ಇವೆಲ್ಲ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್), ನೀವು ಬರೆದದ್ದನ್ನು ನಾಳೆ ಕೋರ್ಟ್‌ನಲ್ಲಿ ಓದಬಹುದು. ಕಂಡದ್ದನ್ನು ಬರೆಯಿರಿ, ತೀರ್ಪು ಬರೆಯಬೇಡಿ. ‘ಕುಡಿದಿದ್ದಾನೆ’ ಅಲ್ಲ, ‘ಬಾಯಿಯಿಂದ ಮದ್ಯದ ವಾಸನೆ, ಮಾತು ತೊದಲು’. ತಪ್ಪಾದರೆ ಒಂದೇ ಗೆರೆ ಹೊಡೆದು ಸಹಿ ಮಾಡಿ, ವೈಟ್ನರ್ ಮುಟ್ಟಬೇಡಿ.

ರೆಫರ್ ಮಾಡುವ ನರ್ಸ್‌ಗಳೇ, ಚೀಟಿಯಲ್ಲಿ ಈ ನಾಲ್ಕು ಟೈಮ್ ಇರಲಿ: ಘಟನೆ ಆದದ್ದು, ನಿಮ್ಮಲ್ಲಿ ಬಂದದ್ದು, ಮೊದಲ ಇಂಜೆಕ್ಷನ್ ಕೊಟ್ಟದ್ದು, 108 ಹೊರಟದ್ದು. ಅಟ್ರೋಪಿನ್ ಎಷ್ಟು ಹೋಗಿದೆ, ಎಎಸ್‌ವಿ ಎಷ್ಟು ವಯಲ್ ಹೋಗಿದೆ ಎಂಬುದೂ ಇರಲಿ. ಗಾಡಿ ಹೊರಡುವಾಗಲೇ ನಗರದ ಕ್ಯಾಜುವಲ್ಟಿಗೆ ಫೋನ್ ಮಾಡಿ. ‘ಟ್ರೀಟೆಡ್ ಅಂಡ್ ರೆಫರ್ಡ್’ ಎಂದಷ್ಟೇ ಬರೆದ ಚೀಟಿ ಯಾರಿಗೂ ಉಪಯೋಗವಿಲ್ಲ.

10. ಆರ್ಡರ್ ತಿರುಗಿ ಹೇಳಿ, ಜೋರಾಗಿ

ಗೋಲಗುಂಬಜದ ಗ್ಯಾಲರಿಯಲ್ಲಿ ಕೂಗಿದ ಮಾತು ಹೇಗೆ ತಿರುಗಿ ಬರುತ್ತದೋ ಹಾಗೆ ಡಾಕ್ಟರ್ ಹೇಳಿದ ಡೋಸ್ ನಿಮ್ಮ ಬಾಯಿಂದ ತಿರುಗಿ ಬರಲಿ. ‘ಅಡ್ರಿನಲಿನ್ 1 ಮಿ.ಗ್ರಾಂ ಐವಿ, ಸರಿನಾ ಸರ್?’ ಕೊಟ್ಟ ಮೇಲೆ ‘ಕೊಟ್ಟಾಯ್ತು, 11.42’. ನಾಚಿಕೆ ಬೇಡ. ಗದ್ದಲದಲ್ಲಿ 15 ಮತ್ತು 50 ಒಂದೇ ಥರ ಕೇಳುತ್ತವೆ.

ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಹತ್ತು ಪ್ರಶ್ನೆಗಳನ್ನು ಮರಾಠಿ, ಉರ್ದು, ಲಂಬಾಣಿ, ಹಿಂದಿಯಲ್ಲಿ ಬರೆದಿಟ್ಟುಕೊಳ್ಳಿ: ಎಲ್ಲಿ ನೋವು, ಯಾವಾಗಿಂದ, ಯಾವ ಔಷಧಿ ಆಗಿಬರುವುದಿಲ್ಲ, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ, ಹೀಗೆ. 2023ರ ಡಿಸೆಂಬರ್‌ನಲ್ಲಿ ನಗರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳು ಕುಸಿದು 7 ಕಾರ್ಮಿಕರು ಸತ್ತರು, ಅವರೆಲ್ಲ ಬಿಹಾರದಿಂದ ದುಡಿಯಲು ಬಂದವರು. ಅಂಥ ರಾತ್ರಿ ಕನ್ನಡ ಒಂದೇ ಸಾಲದು.

11. ಬೂಟು, ನೀರು, ಒಣದ್ರಾಕ್ಷಿ

ಮುಂದೆ ಮುಚ್ಚಿದ, ಜಾರದ, ತೊಳೆಯಬಹುದಾದ ಬೂಟು. ಚಪ್ಪಲಿ ಹಾಕಿ ಬಂದರೆ ಬಿದ್ದ ಸೂಜಿ ನಿಮ್ಮ ಪಾದವನ್ನೇ ಹುಡುಕುತ್ತದೆ. ಲಾಕರ್‌ನಲ್ಲಿ ಇನ್ನೊಂದು ಜೊತೆ ಯೂನಿಫಾರ್ಮ್ ಇಡಿ. ನೀರಿನ ಬಾಟಲಿ ಕಡ್ಡಾಯ, ವಿಜಯಪುರದ ಮೇ ತಿಂಗಳಲ್ಲಿ ಪೇಷಂಟ್‌ಗಿಂತ ಮೊದಲು ನರ್ಸ್ ಬೀಳಬಾರದು. ಊಟದ ಟೈಮ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಲಾಕರ್‌ನಲ್ಲಿ ಒಣದ್ರಾಕ್ಷಿ, ಶೇಂಗಾ ಹೋಳಿಗೆ ಇರಲಿ. ಒಣದ್ರಾಕ್ಷಿ ನಮ್ಮದೇ ಬೆಳೆ, ಎನರ್ಜಿ ಬಾರ್‌ಗೆ ದುಡ್ಡು ಸುರಿಯಬೇಡಿ.

12. ಇವು ಕಿಸೆಯಲ್ಲಿ ಇರಲೇಬಾರದು

ಔಷಧಿ ಆಂಪೂಲ್ ಬೇಡ. ಬೇಗ ಸಿಗಲಿ ಎಂದು ಪೊಟ್ಯಾಸಿಯಂ ಕ್ಲೋರೈಡ್ ಕಿಸೆಯಲ್ಲಿಟ್ಟರೆ ಅವಸರದಲ್ಲಿ ಬೇರೆ ಇಂಜೆಕ್ಷನ್ ಎಂದು ಕೈಗೆ ಬರುತ್ತದೆ, ಅದನ್ನು ನೇರ ಕೊಟ್ಟರೆ ಹೃದಯ ನಿಲ್ಲುತ್ತದೆ. ಬಳಸಿದ ಸೂಜಿ ಬೇಡ, ಕ್ಯಾಪ್ ಹಾಕಿದ್ದರೂ ಬೇಡ. ಅದರ ಜಾಗ ಬಿಳಿ ಡಬ್ಬಿ. ಪೇಷಂಟ್‌ನ ಹಣ, ಉಂಗುರ ನಿಮ್ಮ ಕಿಸೆಗೆ ಒಂದು ನಿಮಿಷವೂ ಬೇಡ, ಇಬ್ಬರ ಎದುರು ಬರೆದು ಸಂಬಂಧಿಕರಿಗೆ ಕೊಡಿ. ಮೊಬೈಲ್ ಸೈಲೆಂಟ್‌ನಲ್ಲಿರಲಿ. ಗಾಯದ ಫೋಟೊ ಸ್ಟೇಟಸ್‌ಗೆ ಹಾಕುವ ಚಟ ಇದ್ದರೆ ಇವತ್ತೇ ಬಿಡಿ, ಕೆಲಸ ಹೋಗುತ್ತದೆ.

13. ಹತ್ತು ನಿಮಿಷ ಮುಂಚೆ ಬನ್ನಿ, ಟ್ರಾಲಿ ಮುಟ್ಟಿ ನೋಡಿ

ಕಿಸೆ ಎಷ್ಟೇ ತುಂಬಿರಲಿ, ಜೀವ ಉಳಿಸುವುದು ಟ್ರಾಲಿ. ಲ್ಯಾರಿಂಗೋಸ್ಕೋಪ್ ಬಲ್ಬ್ ಹೊತ್ತಿಸಿ ನೋಡಿ. ಸಕ್ಷನ್ ಆನ್ ಮಾಡಿ, ಪೈಪಿನ ತುದಿಗೆ ಬೆರಳಿಟ್ಟು ಎಳೆತ ನೋಡಿ. ಆಂಬು ಬ್ಯಾಗ್‌ಗೆ ದೊಡ್ಡವರ ಮಾಸ್ಕ್, ಮಕ್ಕಳ ಮಾಸ್ಕ್ ಎರಡೂ ಇವೆಯೇ? ಆಕ್ಸಿಜನ್ ಸಿಲಿಂಡರ್ ತುಂಬಿದೆಯೇ, ಅದರ ಕೀ ಎಲ್ಲಿ? ಅಟ್ರೋಪಿನ್ ಎಷ್ಟಿದೆ, ಎಎಸ್‌ವಿ ಎಷ್ಟು ವಯಲ್ ಇದೆ? ‘ಇರಬೇಕು’ ಎಂದು ಹ್ಯಾಂಡ್‌ಓವರ್ ತೆಗೆದುಕೊಳ್ಳಬೇಡಿ. ಎಣಿಸಿ, ಸಹಿ ಹಾಕಿ. ಹಿರಿಯ ಸಿಸ್ಟರ್ ಮುಖ ಸಿಂಡರಿಸಬಹುದು, ಸಿಂಡರಿಸಲಿ. ಒಂದು ವಾರದಲ್ಲಿ ಅವರೇ ನಿಮ್ಮನ್ನು ನಂಬತೊಡಗುತ್ತಾರೆ.

‘ನನಗೆ ಆಗುತ್ತಾ?’ ಎಂಬ ಅನುಮಾನಕ್ಕೆ ಔಷಧಿಯೂ ಇದೇ. ಭಯ ಬಹುಪಾಲು ವಸ್ತು ಎಲ್ಲಿದೆ ಎಂದು ಗೊತ್ತಿಲ್ಲದ್ದರಿಂದ ಹುಟ್ಟುತ್ತದೆ. ಕಣ್ಣುಮುಚ್ಚಿ ಟ್ರಾಲಿಯ ಯಾವ ಡ್ರಾಯರ್‌ನಲ್ಲಿ ಏನಿದೆ ಎಂದು ಹೇಳುವಷ್ಟಾದರೆ ಕೈ ನಡುಗುವುದಿಲ್ಲ. ಸಂಬಂಧಿಕರು ಗಲಾಟೆಗೆ ನಿಂತರೆ ಬಾಗಿಲ ಕಡೆ ಬೆನ್ನು ಮಾಡಿ ನಿಲ್ಲಿ, ಹೊರಗೆ ಹೋಗುವ ದಾರಿ ನಿಮ್ಮ ಹಿಂದಿರಲಿ. ಸೆಕ್ಯುರಿಟಿ ನಂಬರ್ ಸ್ಪೀಡ್ ಡಯಲ್‌ನಲ್ಲಿರಲಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾನೂನಿದೆ, ಅದರ ರಕ್ಷಣೆ ನರ್ಸ್‌ಗಳಿಗೂ ಇದೆ. ಹೊಡೆಸಿಕೊಂಡು ಸುಮ್ಮನಿರುವುದು ಸೇವೆಯಲ್ಲ.

14. ಕಿಸೆಗಿಂತ ಮೊದಲು ರಕ್ತದಲ್ಲಿ ಇರಬೇಕಾದದ್ದು

ಹೆಪಟೈಟಿಸ್ ಬಿ ಲಸಿಕೆ. 0, 1 ಮತ್ತು 6ನೇ ತಿಂಗಳು, ಮೂರೂ ಡೋಸ್. ಕಾಲೇಜಿನಲ್ಲಿ ಒಂದು ಹಾಕಿಸಿಕೊಂಡು ಮರೆತವರು ಬೇಕಾದಷ್ಟು ಜನ ಇದ್ದಾರೆ, ನೀವೂ ಆ ಗುಂಪಿನಲ್ಲಿದ್ದೀರಾ ನೋಡಿ. ಮೂರು ಮುಗಿದ ಒಂದೆರಡು ತಿಂಗಳಿಗೆ ರಕ್ತದಲ್ಲಿ ರಕ್ಷಣೆ ಬಂದಿದೆಯೇ ಎಂದು ಟೈಟರ್ ಪರೀಕ್ಷೆ ಮಾಡಿಸಿ.

ಸೂಜಿ ಚುಚ್ಚಿತೇ? ಹಿಂಡಬೇಡಿ, ಬಾಯಿಗಿಡಬೇಡಿ. ಹರಿಯುವ ನೀರು, ಸೋಪು. ತಕ್ಷಣ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಬೈಯುತ್ತಾರೆಂದು ಮುಚ್ಚಿಡಬೇಡಿ. ಆ ಮಾತ್ರೆ ನಿಮ್ಮ ಆಸ್ಪತ್ರೆಯಲ್ಲಿ ಎಲ್ಲಿದೆ, ರಾತ್ರಿ 2ಕ್ಕೆ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಮೊದಲ ಡ್ಯೂಟಿಯಲ್ಲೇ ಕೇಳಿ. ಲಸಿಕೆ ಕಾರ್ಡ್ ಸಿಗದಿದ್ದರೆ ಟ್ರಾಮಾ ಕತ್ತರಿ ಕೊಳ್ಳಲು ಹೋಗುವ ಮುಂಚೆ ಲ್ಯಾಬಿಗೆ ಹೋಗಿ, ನಾಳೆ ಬೆಳಿಗ್ಗೆಯೇ.